ಹಣೆ ಸುಕ್ಕುಗಟ್ಟುತ್ತಿದೆಯೇ ನೋಡಿ

ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಒಂದು ಬದಿಯಿಂದ ಸೋರುತ್ತದೆ. ಕನ್ನಡಿ ನೋಡಿದರೆ ಬಾಯಿ ಒಂದು ಕಡೆಗೆ ಎಳೆದುಕೊಂಡಿದೆ, ಇನ್ನೊಂದು ಬದಿಯ ಕಣ್ಣು ಪೂರ್ತಿ ಮುಚ್ಚುತ್ತಿಲ್ಲ. ಮನೆಯವರು ‘ಲಕ್ವ ಹೊಡೆದಿದೆ’ ಎಂದು ಗಾಬರಿಯಾಗುತ್ತಾರೆ. ಪಕ್ಕದ ಮನೆಯವರು ‘ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಿರಲ್ಲ, ಗಾಳಿ ಸೋಕಿದೆ, ಎಣ್ಣೆ ಹಚ್ಚಿ’ ಎನ್ನುತ್ತಾರೆ. ಒಬ್ಬರದು ಅತಿಭಯ, ಇನ್ನೊಬ್ಬರದು ಅತಿಧೈರ್ಯ. ನಿಜ ಏನೆಂದು ತಿಳಿಯಲು ಕಪಾಲ ನರಗಳ ಪರಿಚಯ ಸ್ವಲ್ಪ ಬೇಕು.

ದೇಹದ ಬಹುತೇಕ ನರಗಳು ಬೆನ್ನುಹುರಿಯಿಂದ ಹೊರಡುತ್ತವೆ. ಆದರೆ 12 ಜೊತೆ ನರಗಳು ತಲೆಬುರುಡೆಯ ಸಣ್ಣ ರಂಧ್ರಗಳ ಮೂಲಕ ನೇರವಾಗಿ ಹೊರಬರುತ್ತವೆ. ಇವೇ ಕಪಾಲ ನರಗಳು. ವೈದ್ಯರು ಕ್ರೇನಿಯಲ್ ನರ್ವ್ ಎನ್ನುವುದು ಇವನ್ನೇ. ಮೂಗಿನಿಂದ ನಾಲಿಗೆಯವರೆಗೆ, ಮುಂದಿನಿಂದ ಹಿಂದಕ್ಕೆ ಇವಕ್ಕೆ 1ರಿಂದ 12ರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ಜರ್ಮನಿಯ ಸ್ಯೋಮರಿಂಗ್ 1778ರಲ್ಲಿ ಕೊಟ್ಟ ಈ ಲೆಕ್ಕವೇ ಇಂದಿಗೂ ನಡೆಯುತ್ತಿದೆ. ಚೀಟಿಯಲ್ಲಿ ‘ಸೆವೆಂತ್ ನರ್ವ್ ಪಾಲ್ಸಿ’ ಎಂದು ಬರೆದಿದ್ದರೆ 7ನೇ ನರ ಸೋತಿದೆ ಎಂದರ್ಥ.

ಬಾಯಿ ಸೊಟ್ಟಗಾದದ್ದು ಈ 7ನೇ ನರದ ಸಮಾಚಾರ. ಇದು ಮುಖದ ನರ. ನಗುವುದು, ಹುಬ್ಬೇರಿಸುವುದು, ಕಣ್ಣು ಮುಚ್ಚುವುದು, ತುಟಿ ಬಿಗಿಹಿಡಿಯುವುದು ಇದರ ಮುಖ್ಯ ಕೆಲಸ. ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿಯನ್ನೂ ಇದೇ ಒಯ್ಯುತ್ತದೆ. ಕಣ್ಣೀರು ಸುರಿಸಲು ಗ್ರಂಥಿಗೆ ಹೇಳುವುದೂ ಇದೇ. ಕಿವಿಯೊಳಗಿನ ಒಂದು ಪುಟ್ಟ ಸ್ನಾಯುವನ್ನು ಹಿಡಿದು ದೊಡ್ಡ ಸದ್ದನ್ನು ತಗ್ಗಿಸುವುದೂ ಇದರದೇ ಪಾಲು. ಹಾಗಾಗಿ ಮುಖ ಸೊಟ್ಟಗಾದವರು ‘ಊಟ ಸಪ್ಪೆ’, ‘ಪಾತ್ರೆ ಸದ್ದು ಕಿವಿಗೆ ಬಡಿಯುತ್ತದೆ’ ಎಂದರೆ ಅದು ಬರೀ ಭ್ರಮೆಯಲ್ಲ.

ಈಗ ಒಂದು ಪರೀಕ್ಷೆ. ಎರಡೂ ಹುಬ್ಬನ್ನು ಮೇಲೆತ್ತಲು ಹೇಳಿ. ಸೋತ ಬದಿಯ ಹಣೆಯೂ ಸುಕ್ಕುಗಟ್ಟಿದರೆ ತೊಂದರೆ ಮಿದುಳಿನೊಳಗೆ ಇರುವ ಸಾಧ್ಯತೆ ಹೆಚ್ಚು, ಅಂದರೆ ಪಾರ್ಶ್ವವಾಯು. ಹಣೆಯೂ ನಯವಾಗಿ ಸುಮ್ಮನಿದ್ದರೆ ಪೆಟ್ಟು ಬಹುಮಟ್ಟಿಗೆ ನರಕ್ಕೇ ಬಿದ್ದಿದೆ. ಕೇಳಲು ಉಲ್ಟಾ ಅನಿಸುತ್ತದೆ, ಹೆಚ್ಚು ಸೋತ ಮುಖವೇ ಕಡಿಮೆ ಅಪಾಯದ್ದು! ಕಾರಣ ಇಷ್ಟೇ: ಹಣೆಯ ಸ್ನಾಯುವಿಗೆ ಮಿದುಳಿನ ಎರಡೂ ಬದಿಯಿಂದ ಆಜ್ಞೆ ಬರುತ್ತದೆ, ಕೆಳಮುಖಕ್ಕೆ ಮುಖ್ಯವಾಗಿ ಎದುರು ಬದಿಯಿಂದ ಮಾತ್ರ. ಮಿದುಳಿನ ಒಂದು ಬದಿ ಕೆಟ್ಟರೂ ಹಣೆ ಬಚಾವಾಗುತ್ತದೆ. ನರವೇ ಸೋತರೆ ಯಾವ ಬದಿಯ ಆಜ್ಞೆಯೂ ತಲುಪುವುದಿಲ್ಲ.

‘ಹಾಗಾದರೆ ಹಣೆ ಸುಕ್ಕುಗಟ್ಟದಿದ್ದರೆ ಮನೆಯಲ್ಲೇ ಇರಬಹುದೇ?’ ಬೇಡ. ಮಿದುಳಕಾಂಡದಲ್ಲಿ, ನರ ಹುಟ್ಟುವ ಜಾಗದಲ್ಲೇ ಪಾರ್ಶ್ವವಾಯುವಾದರೂ ಹಣೆ ಸೋಲುತ್ತದೆ. ಕೈಕಾಲು ಬಲಹೀನವಾಗಿದ್ದರೆ, ಮಾತು ತೊದಲಿದರೆ, ವಸ್ತು ಎರಡಾಗಿ ಕಂಡರೆ, ನಡಿಗೆ ತಪ್ಪಿದರೆ ಹಣೆಯ ಪರೀಕ್ಷೆ ಮಾಡುತ್ತಾ ಕೂರದೆ 108ಕ್ಕೆ ಕರೆ ಮಾಡಿ. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಿದ್ದೆಯಿಂದ ಎದ್ದಾಗ ಕಂಡುಬಂದರೆ ಎದ್ದ ಹೊತ್ತಿನಿಂದಲ್ಲ, ಕೊನೆಯ ಬಾರಿ ಚೆನ್ನಾಗಿದ್ದ ಹೊತ್ತಿನಿಂದ ಲೆಕ್ಕ.

ನರವೊಂದೇ ಸೋತು, ಬೇರೆ ಕಾರಣ ಸಿಗದಿದ್ದರೆ ಅದಕ್ಕೆ ಬೆಲ್ಸ್ ಪಾಲ್ಸಿ ಎನ್ನುತ್ತಾರೆ. 1821ರಲ್ಲಿ ಈ ನರದ ಕೆಲಸವನ್ನು ವಿವರಿಸಿದ ಸ್ಕಾಟ್ಲೆಂಡ್ ಮೂಲದ ಸರ್ಜನ್ ಚಾರ್ಲ್ಸ್ ಬೆಲ್ ಅವರ ಹೆಸರು ಅದಕ್ಕೆ ಬಂದಿದೆ. ಈ ನರ ಕಿವಿಯ ಹಿಂದಿನ ಮೂಳೆಯೊಳಗೆ ಇಕ್ಕಟ್ಟಾದ ಕೊಳವೆಯಲ್ಲಿ ಹಾದುಬರುತ್ತದೆ. ಊದಿಕೊಂಡರೆ, ಬಾತ ಬೆರಳಿಗೆ ಉಂಗುರ ಬಿಗಿದಂತೆ ಮೂಳೆಯೇ ಅದನ್ನು ಹಿಸುಕುತ್ತದೆ. ಊತಕ್ಕೆ ಹೆಚ್ಚಾಗಿ ವೈರಸ್ ಕಾರಣವಿರಬಹುದೆಂಬುದು ತಜ್ಞರ ಅಂದಾಜು.

ಊತ ಇಳಿಸಲು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ಸುಮಾರು 10 ದಿನದ ಕೋರ್ಸು, 72 ಗಂಟೆಯೊಳಗೆ ಶುರುವಾಗಬೇಕು. 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನವೊಂದರಲ್ಲಿ, ಇದನ್ನು ತೆಗೆದುಕೊಂಡ 100 ಜನರಲ್ಲಿ ಸುಮಾರು 94 ಮಂದಿ 9 ತಿಂಗಳಲ್ಲಿ ಪೂರ್ತಿ ಸುಧಾರಿಸಿದ್ದರು. ತೆಗೆದುಕೊಳ್ಳದವರಲ್ಲಿ ಸುಮಾರು 82. ಔಷಧಿಯಿಲ್ಲದೆಯೂ ಹೆಚ್ಚಿನವರು ಗುಣವಾಗುತ್ತಾರೆಂಬುದನ್ನು ಗಮನಿಸಿ. ಹೀಗಾಗಿಯೇ ಆ ಹೊತ್ತಿಗೆ ಯಾರು ಏನು ಕೊಟ್ಟಿದ್ದರೋ ಅವರಿಗೆಲ್ಲ ಹೆಸರು ಬರುತ್ತದೆ, ತಾಯಿತ ಕಟ್ಟಿದವರಿಗೂ. ಸಕ್ಕರೆ ಕಾಯಿಲೆಯಿದ್ದರೆ ಮರೆಯದೆ ಹೇಳಿ. ಸ್ಟೀರಾಯ್ಡ್ ಸಕ್ಕರೆ ಏರಿಸುತ್ತದೆ. ಕಿವಿಯಲ್ಲಿ ನೀರುಗುಳ್ಳೆ ಎದ್ದು ನೋವಿದ್ದರೆ ಅದು ಸರ್ಪಸುತ್ತಿನ ವೈರಸ್ ಇರಬಹುದು, ಆಗ ಬೇರೆ ಮಾತ್ರೆಯೂ ಬೇಕು. ಮುಖಕ್ಕೆ ಕರೆಂಟ್ ಕೊಡಿಸುವುದರ ಲಾಭ ಸರಿಯಾಗಿ ಸಾಬೀತಾಗಿಲ್ಲ.

ಮಾತ್ರೆಗಿಂತಲೂ ಜನ ಮರೆಯುವುದು ಕಣ್ಣನ್ನು. ಮುಚ್ಚದ ಕಣ್ಣು ಒಣಗಿ ಕಪ್ಪುಗುಡ್ಡೆಯ ಮೇಲೆ ಹುಣ್ಣಾಗುತ್ತದೆ. ಮುಖ ಸರಿಹೋದರೂ ದೃಷ್ಟಿ ಹೋದೀತು. ಹಗಲು ಆಗಾಗ ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಅಂಟುಪಟ್ಟಿ, ಹೊರಗೆ ಹೋಗುವಾಗ ಕನ್ನಡಕ. ಸೊಪ್ಪಿನ ರಸ ಹಿಂಡುವುದು ಬೇಡವೇ ಬೇಡ. ಮೂರು ತಿಂಗಳಾದರೂ ಚೂರೂ ಸುಧಾರಿಸದಿದ್ದರೆ, ಅಥವಾ ಮುಖ ವಾರಗಟ್ಟಲೆ ನಿಧಾನವಾಗಿ ಸೋಲುತ್ತಾ ಬಂದಿದ್ದರೆ, ಗಡ್ಡೆಯಿದೆಯೇ ಎಂದು ಸ್ಕ್ಯಾನ್ ಮಾಡಿಸಬೇಕು.

ಮುಖ ಬಿಟ್ಟರೆ ಹೆಚ್ಚು ಸುಳಿವು ಕೊಡುವುದು ಕಣ್ಣು. 2ನೇ ನರ ನೋಟವನ್ನು ಒಯ್ಯುತ್ತದೆ. ಕಳ್ಳಬಟ್ಟಿಯಲ್ಲಿ ಮೆಥನಾಲ್ ಬೆರೆತಾಗ ಕುಡಿದವರು ಕುರುಡಾಗುವುದು ಈ ನರ ಸುಟ್ಟಂತಾಗಿ. ಕ್ಷಯಕ್ಕೆ ಎಥಾಂಬ್ಯುಟಾಲ್ ಮಾತ್ರೆ ತೆಗೆದುಕೊಳ್ಳುವವರು ಬಣ್ಣ ಮಸುಕಾದಂತೆ, ಕೆಂಪು ಹಸಿರು ಕಲೆಸಿದಂತೆ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಕಣ್ಣುಗುಡ್ಡೆ ಹೊರಳಿಸುವುದು 3, 4, 6ನೇ ನರಗಳು. ಇವು ಸೋತರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಒಂದು ಕಣ್ಣು ಮುಚ್ಚಿ ನೋಡಿ: ಆಗ ಒಂದೇ ಕಂಡರೆ ತೊಂದರೆ ಕಣ್ಣುಗಳ ಹೊಂದಾಣಿಕೆಯಲ್ಲಿದೆ. ಆಗಲೂ ಎರಡು ಕಂಡರೆ ಪೊರೆಯಂಥ ಕಣ್ಣಿನದೇ ದೋಷವಿರಬಹುದು. 4ನೇ ನರದವರಿಗೆ ಮೆಟ್ಟಿಲಿಳಿಯುವುದು ಕಷ್ಟ, ತಲೆ ಓರೆ ಮಾಡಿ ನೋಡುತ್ತಾರೆ. 6ನೆಯದು ಸೋತರೆ ಕಣ್ಣು ಹೊರಗಡೆಗೆ ತಿರುಗುವುದಿಲ್ಲ. ತಲೆಯೊಳಗೆ ಒತ್ತಡ ಏರಿದಾಗಲೂ ಹೀಗಾಗುತ್ತದೆ. 3ನೆಯದರಲ್ಲಿ ರೆಪ್ಪೆ ಜೋತು, ಕಣ್ಣು ಹೊರಕ್ಕೂ ಕೆಳಕ್ಕೂ ತಿರುಗಿ ನಿಲ್ಲುತ್ತದೆ. ಸಕ್ಕರೆ ಕಾಯಿಲೆಯಿಂದ ಆದದ್ದಾದರೆ ಸಾಮಾನ್ಯವಾಗಿ ಪಾಪೆ ಸರಿಯಾಗಿರುತ್ತದೆ, ಮೂರು ತಿಂಗಳ ಸುಮಾರಿಗೆ ವಾಸಿಯಾಗುತ್ತದೆ. ಆದರೆ ಪಾಪೆ ಅಗಲವಾಗಿ, ತಲೆ ಸಿಡಿಯುವಂಥ ನೋವಿದ್ದರೆ ಮಿದುಳಿನ ರಕ್ತನಾಳ ಉಬ್ಬಿ ಒಡೆಯುವ ಹಂತದಲ್ಲಿರಬಹುದು. ಅದು ಆ ಗಂಟೆಯಲ್ಲೇ ಆಸ್ಪತ್ರೆ ಸೇರಬೇಕಾದ ಪ್ರಸಂಗ.

ಹಳ್ಳಿಯವರಿಗೆ ಇನ್ನೊಂದು ಮಾತು. ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದು, ಎರಡೂ ರೆಪ್ಪೆ ಜೋತು, ಮಾತು ಮೂಗಿನಲ್ಲಿ ಬಂದರೆ ಗಾಯ ಕಾಣದಿದ್ದರೂ ಹಾವಿನ ಕಡಿತವನ್ನು ಶಂಕಿಸಿ. ಕ್ರೇಟ್ ಜಾತಿಯ ಹಾವಿನ ಹಲ್ಲಿನ ಗುರುತು ಎಷ್ಟೋ ಬಾರಿ ಕಾಣುವುದೇ ಇಲ್ಲ. ಇಲ್ಲಿ ನರ ತುಂಡಾಗಿರುವುದಿಲ್ಲ, ನರದ ಸಂದೇಶ ಸ್ನಾಯುವಿಗೆ ದಾಟುವುದನ್ನು ವಿಷ ತಡೆದಿರುತ್ತದೆ. ಮುಂದೆ ಉಸಿರೇ ನಿಲ್ಲಬಹುದು.

5ನೇ ನರ ಮುಖದ ಸ್ಪರ್ಶ ಮತ್ತು ಜಗಿಯುವಿಕೆಯದು. ಇದು ಕೆರಳಿದರೆ ಹಲ್ಲುಜ್ಜುವಾಗ, ಗಡ್ಡ ಹೆರೆಯುವಾಗ, ತಣ್ಣನೆ ಗಾಳಿ ತಾಗಿದಾಗ ಕೆನ್ನೆಗೆ ಶಾಕ್ ಹೊಡೆದಂಥ ನೋವು. ಕೆಲವೇ ಕ್ಷಣ ಇದ್ದು ಮಾಯ. ಹಲ್ಲುನೋವೆಂದು ತಿಳಿದು ಗಟ್ಟಿ ಹಲ್ಲನ್ನೇ ಕೀಳಿಸಿಕೊಂಡವರು ಕಡಿಮೆಯಿಲ್ಲ. ಇದಕ್ಕೆ ಕಾರ್ಬಮಜೆಪೀನ್ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೈಮೇಲೆ ಗಂಧೆಯೆದ್ದರೆ ಮಾತ್ರೆ ನಿಲ್ಲಿಸಿ ತಕ್ಷಣ ವೈದ್ಯರ ಬಳಿ ಹೋಗಬೇಕು.

ಉಳಿದವನ್ನು ಬೇಗ ನೋಡಿಬಿಡೋಣ. 1ನೆಯದು ವಾಸನೆಯದು; ತಲೆಗೆ ಪೆಟ್ಟಾದ ಮೇಲೆ ಕಾಫಿಪುಡಿಯ ಘಮ ತಿಳಿಯದಿದ್ದರೆ ಗ್ಯಾಸ್ ಸೋರಿದರೂ ತಿಳಿಯದು, ಜೋಪಾನ. 8ನೆಯದು ಕಿವಿ ಮತ್ತು ಸಮತೋಲನದ್ದು. ಒಂದೇ ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಗುಗ್ಗೆಯೆಂದು ಎಣ್ಣೆ ಬಿಡುತ್ತಾ ವಾರ ಕಳೆಯಬೇಡಿ. 9 ಮತ್ತು 10 ನುಂಗುವಿಕೆ, ಧ್ವನಿಯವು. 10ನೇ ನರದ ಎಡ ಕವಲು ಎದೆಯೊಳಗೆ ಇಳಿದು, ಮಹಾಧಮನಿಯನ್ನು ಬಳಸಿ ಮತ್ತೆ ಧ್ವನಿಪೆಟ್ಟಿಗೆಗೆ ಏರುತ್ತದೆ. ಆದ್ದರಿಂದ ಮೂರು ವಾರ ಮೀರಿದ ಗೊಗ್ಗರು ದನಿ ಶ್ವಾಸಕೋಶದ ಗಡ್ಡೆಯ ಸುಳಿವೂ ಆಗಬಹುದು, ಬೀಡಿ ಸೇದುವವರಲ್ಲಂತೂ. 11ನೆಯದು ಭುಜ ಎತ್ತಿಸುತ್ತದೆ. 12ನೆಯದು ನಾಲಿಗೆಯದು, ಚಾಚಿದ ನಾಲಿಗೆ ಸೋತ ಬದಿಗೇ ವಾಲುತ್ತದೆ.

ಖರ್ಚಿನ ಮಾತು. ಈ 12 ನರಗಳನ್ನು ಪರೀಕ್ಷಿಸಲು ಟಾರ್ಚು, ಹತ್ತಿ, ಶ್ರುತಿ ಕವೆ ಸಾಕು. ಪ್ರೆಡ್ನಿಸೊಲೋನ್ ಇಡೀ ಕೋರ್ಸಿಗೆ ನೂರಿನ್ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಎಂಆರ್‌ಐ ಖಾಸಗಿಯಲ್ಲಿ ಕೆಲವು ಸಾವಿರ, ಆದರೆ ಸಾಮಾನ್ಯ ಬೆಲ್ಸ್ ಪಾಲ್ಸಿಗೆ ಅದು ಬೇಕಿಲ್ಲ. ಮೊದಲು ಜಿಲ್ಲಾ ಆಸ್ಪತ್ರೆಗೋ ಸರ್ಕಾರಿ ವೈದ್ಯಕೀಯ ಕಾಲೇಜಿಗೋ ಹೋಗಿ. ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಅಲ್ಲಿ ತುರ್ತು ವಿಭಾಗ ಹಗಲು ರಾತ್ರಿ ತೆರೆದಿರುತ್ತದೆ. ದಾಖಲಾಗಿ ಶಸ್ತ್ರಚಿಕಿತ್ಸೆ ಬೇಕಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ.

ಹೋಗುವಾಗ ತೊಂದರೆ ಶುರುವಾದ ದಿನ, ಹೊತ್ತು ಬರೆದುಕೊಂಡು ಹೋಗಿ. ನುಂಗುತ್ತಿರುವ ಮಾತ್ರೆಗಳ ಚೀಟಿ ಇರಲಿ. ಕಂತುಕಂತಾಗಿ ಬಂದುಹೋಗುವ ತೊಂದರೆಯಾದರೆ ಬಂದಾಗಲೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಹಳೆಯ ಫೋಟೊ ಒಂದನ್ನೂ ಒಯ್ಯಿರಿ, ಬೇರೆ ಇಲ್ಲದಿದ್ದರೆ ಆಧಾರ್ ಕಾರ್ಡಾದರೂ ಆದೀತು. ಜೋತ ರೆಪ್ಪೆ ಈಗಿನದೋ ಹತ್ತು ವರ್ಷದ ಹಿಂದಿನದೋ ಎಂದು ವೈದ್ಯರು ಅದನ್ನು ನೋಡಿಯೇ ಹೇಳಬಲ್ಲರು.