ಔರಾದಿನ ದಾರಿಯಾಗಿ ಡ್ಯಾನ್ಯೂಬಿಗೆ

ಕಳೆದ ಮಳೆಗಾಲ ಮುಗಿಯುತ್ತ ಬಂದಿದ್ದಾಗ ನನ್ನ ಹಳೆಯ ಗೆಳೆಯನ ಮಗಳು ಮನೆಗೆ ಬಂದಳು. ಹೈದರಾಬಾದಿನಲ್ಲಿ ನೌಕರಿಯಲ್ಲಿರುವ ಹುಡುಗಿ. ಕೈಯಲ್ಲಿ ಒಂದು ನಕಾಶೆ, ಒಂದು ಲೆಕ್ಕದ ಪುಸ್ತಕ. ಬರುವ ಜೂನ್ ತಿಂಗಳಿನಲ್ಲಿ ತಾನೂ ತನ್ನ ಗೆಳತಿಯೂ ಯುರೋಪಿಗೆ ಹೋಗಿ, ಡ್ಯಾನ್ಯೂಬ್ ನದಿಯ ದಂಡೆಗುಂಟ ಜರ್ಮನಿಯ ಪಸ್ಸಾವ್ ಪಟ್ಟಣದಿಂದ ಆಸ್ಟ್ರಿಯದ ವಿಯೆನ್ನಾದವರೆಗೆ ಸೈಕಲ್ ಮೇಲೆ ಪ್ರಯಾಣ ಮಾಡಬೇಕು, ರಾತ್ರಿಗಳನ್ನು ಡೇರೆಯಲ್ಲಿ ಕಳೆಯಬೇಕು, ಎರಡು ವರ್ಷ ಕೂಡಿಟ್ಟ ಹಣದಲ್ಲಿಯೇ ಎಲ್ಲ ಮುಗಿಯಬೇಕು ಎಂಬುದು ಅವಳ ಸಂಕಲ್ಪ. ತಂದೆ ಹೂಂ ಎಂದಿಲ್ಲ, ಊಹೂಂ ಎಂದೂ ಹೇಳಿಲ್ಲ, ನನ್ನಲ್ಲಿಗೆ ಕಳಿಸಿದ್ದಾನೆ. "ಕಾಕಾ, ನೀವು ಹೂಂ ಅಂದರ ಅಪ್ಪನೂ ಹೂಂ ಅಂತಾರ" ಎಂದಳು.

ನಾನು ಯುರೋಪನ್ನು ಕಂಡವನಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಆ ಗೆಳೆಯ ಮಗಳನ್ನು ನನ್ನ ಬಳಿಗೆ ಏಕೆ ಕಳಿಸಿದನೆಂಬುದು ನನಗೆ ತಿಳಿಯಿತು. 1980ರ ಮೇ ತಿಂಗಳಿನಲ್ಲಿ, ಪರೀಕ್ಷೆ ಮುಗಿದ ಉತ್ಸಾಹದಲ್ಲಿ, ನಾವಿಬ್ಬರೂ ಗಂಟೆಗಿಷ್ಟೆಂದು ಬಾಡಿಗೆಗೆ ಕೊಡುವ ಅಂಗಡಿಯಿಂದ ಎರಡು ಸೈಕಲ್ ತಂದು ಬೀದರಿನಿಂದ ಔರಾದಿಗೆ ಹೊರಟಿದ್ದೆವು. ಯೋಜನೆ ನನ್ನದು. ಬೆಳಿಗ್ಗೆ ಆರಕ್ಕೆ ಹೊರಡಬೇಕಾದವರು ಒಂಬತ್ತಕ್ಕೆ ಹೊರಟೆವು. ಇಬ್ಬರ ನಡುವೆ ನೀರಿನ ಬಾಟಲಿ ಒಂದೇ. ದಾರಿಯಲ್ಲಿ ನದಿಯಿದೆ, ಬಾವಿಗಳಿವೆ ಎಂಬ ಧೈರ್ಯ. ಮಾಂಜ್ರಾ ನದಿಯಲ್ಲಿ ಆಗ ಮರಳು ಮಾತ್ರವಿತ್ತು. ಕೌಠಾ ಸೇತುವೆ ದಾಟಿ ಏರು ಹತ್ತುವಾಗ ಗೆಳೆಯ ಮಾತು ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಅವನ ಮೈಯಲ್ಲಿ ಬೆವರು ನಿಂತಿತು. ಬೆವರು ನಿಂತದ್ದು ದಣಿವಾರಿದ ಗುರುತೆಂದು ತಿಳಿದ ಮೂಢ ನಾನು. ಮೈ ತನ್ನನ್ನು ತಾನು ತಂಪಾಗಿಸಿಕೊಳ್ಳುವ ಉಪಾಯವೇ ಬೆವರು. ಬಿಸಿಲಿನಲ್ಲಿ ದುಡಿಯುವವನ ಚರ್ಮ ಒಣಗಿ, ಮಾತು ತೊದಲಿದರೆ ಅದು ಅಪಾಯದ ಕೊನೆಯ ಕರೆ. ಎತ್ತಿನ ಬಂಡಿಯಲ್ಲಿ ಹೋಗುತ್ತಿದ್ದ ಒಬ್ಬ ರೈತ ಅವನನ್ನು ಮಲಗಿಸಿಕೊಂಡು, ತಲೆಗೆ ಒದ್ದೆ ಧೋತರ ಸುತ್ತಿ, ಸಂತಪೂರಕ್ಕೆ ಮುಟ್ಟಿಸಿದ. ಗೆಳೆಯ ಎಂಟು ದಿನ ಆಸ್ಪತ್ರೆಯಲ್ಲಿದ್ದ. ಅವನ ತಾಯಿ ನನ್ನನ್ನು ಬೈಯಲಿಲ್ಲ. "ನೀರು ಎಲ್ಲಿ ಸಿಗತದಂತ ಯಾರಿಗೂ ಕೇಳಲಿಲ್ಲೇನಪ್ಪಾ?" ಎಂದಷ್ಟೇ ಕೇಳಿದರು. ಯೋಜನೆ ಎಂಬ ಶಬ್ದಕ್ಕೆ ನಾನು ಆಮೇಲೆ ಕಂಡ ಅರ್ಥವೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು.

ಆದ್ದರಿಂದ ಹುಡುಗಿಗೆ ನಾನು ಒಂದು ಷರತ್ತು ಹಾಕಿದೆ. ಡ್ಯಾನ್ಯೂಬಿಗೆ ಹೋಗುವ ಮೊದಲು ಅದೇ ಚೀಲ, ಅದೇ ಡೇರೆ, ಅದೇ ಲೆಕ್ಕದ ಪುಸ್ತಕದೊಡನೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಸುತ್ತು ಹಾಕಬೇಕು: ಬೀದರ, ಔರಾದ, ಕಮಲನಗರ, ಭಾಲ್ಕಿ, ಮರಳಿ ಬೀದರ. ಒಟ್ಟು ಸುಮಾರು 140 ಕಿಲೋಮೀಟರು. ಮೂರು ಹಗಲು, ಎರಡು ರಾತ್ರಿ. ಪಸ್ಸಾವ್‌ನಿಂದ ವಿಯೆನ್ನಾಕ್ಕೆ 300 ಕಿಲೋಮೀಟರಿಗೆ ತುಸು ಹೆಚ್ಚು. ಸಾಮಾನು ಹೇರಿದ ಸೈಕಲ್ ಗಂಟೆಗೆ 12ರಿಂದ 15 ಕಿಲೋಮೀಟರು ಸಾಗೀತು. ಹೊಸಬರು ದಿನಕ್ಕೆ 50 ಕಿಲೋಮೀಟರು ಹಿಡಿದರೆ ಸಾಕು. ಇಲ್ಲಿ ಮೂರು ದಿನದಲ್ಲಿ ತಿಳಿಯದ ತಪ್ಪು ಅಲ್ಲಿ ಏಳು ದಿನ ಕಾಡುತ್ತದೆ.

ಮೊದಲು ನೀರಿನ ಮಾತು. ಬೀದರ ನಗರವು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಜಂಬಿಟ್ಟಿಗೆ ರಂಧ್ರಮಯವಾದದ್ದು, ಮಳೆಯ ನೀರನ್ನು ಕುಡಿದು ಕೆಳಗಿಳಿಸುತ್ತದೆ. ಅದರಡಿಯ ಗಟ್ಟಿ ಪದರ ಆ ನೀರನ್ನು ಮುಂದೆ ಬಿಡದು. ಎರಡೂ ಕೂಡುವಲ್ಲಿ, ದಿಬ್ಬದ ಅಂಚಿನಲ್ಲಿ, ನೀರು ಝರಿಯಾಗಿ ಹೊರಬೀಳುತ್ತದೆ. ನಾನಕ ಝೀರಾ, ನರಸಿಂಹ ಝರಣಿ, ಪಾಪನಾಶ ಇವೆಲ್ಲ ಹುಟ್ಟಿದ್ದು ಹೀಗೆ. ಬಹಮನಿ ಅರಸರ ಕಾಲದಲ್ಲಿ ನೌಬಾದಿನ ಬಳಿ ನೆಲದೊಳಗೆ ಸುರಂಗ ಕೊರೆದು, ಅಲ್ಲಲ್ಲಿ ಬಾವಿಯಂಥ ಕಿಂಡಿಗಳನ್ನಿಟ್ಟು ನೀರು ಹರಿಸಿದ ಕರೇಜ್ ಕೂಡ ಈ ನೆಲದ ಗುಣವನ್ನು ಅರಿತು ಮಾಡಿದ ಕೆಲಸ. ಆದರೆ ಜನವಾಡದ ಕಡೆಗೆ ಇಳಿದು ಮಾಂಜ್ರಾ ಕಣಿವೆಯನ್ನು ಸೇರಿದೊಡನೆ ನೆಲ ಕಪ್ಪಾಗುತ್ತದೆ, ಝರಿಗಳ ನಾಡು ಮುಗಿಯುತ್ತದೆ. ಇಪ್ಪತ್ತರ ವಯಸ್ಸಿನ ನಾನು ಮೇಲಿನ ನೆಲದ ಲೆಕ್ಕವನ್ನು ಕೆಳಗಿನ ನೆಲಕ್ಕೆ ಹಚ್ಚಿದ್ದೆ. ಈಗ ಹಳ್ಳಿಹಳ್ಳಿಗಳಲ್ಲಿ ನಲ್ಲಿಯಿದೆ, ಅಂಗಡಿಗಳಲ್ಲಿ ಬಾಟಲಿ ನೀರಿದೆ, ನಿಜ. ಆದರೂ ತಲೆಗೆ ಎರಡು ಲೀಟರು ಸದಾ ಸೈಕಲ್ ಮೇಲಿರಬೇಕು. ಅರ್ಧ ಖಾಲಿಯಾದಾಗ ತುಂಬಿಕೊಳ್ಳಬೇಕು, ಪೂರ್ತಿ ಖಾಲಿಯಾದಾಗಲ್ಲ.

ಕಾಲ ಯಾವುದು? ನಮ್ಮಲ್ಲಿ ನವೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮೀರುತ್ತದೆ. ಮಳೆಗಾಲದಲ್ಲಿ ಡಾಂಬರು ಬಿಟ್ಟು ಹತ್ತು ಮಾರು ಹೊಲದ ದಾರಿಗೆ ಇಳಿದಿರೋ, ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಸೈಕಲ್ಲನ್ನು ನೀವೇ ಹೊರಬೇಕಾಗುತ್ತದೆ. ಡ್ಯಾನ್ಯೂಬಿನ ಕಾಲ ಇದರ ತಿರುವು: ಅಲ್ಲಿ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ. ಜೂನಿನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೂ ಅಲ್ಲಿ ಬೆಳಕಿರುತ್ತದೆ. ನಮ್ಮ ಡಿಸೆಂಬರಿನಲ್ಲಿ ಆರಕ್ಕೆ ಮೊದಲೇ ಹೊತ್ತು ಮುಳುಗುತ್ತದೆ. ಆದ್ದರಿಂದ ನಾಲ್ಕು ಗಂಟೆಗೇ ಡೇರೆಯ ಜಾಗ ಗೊತ್ತಾಗಿರಬೇಕು. ಬೀದರಿನ ಚಳಿಯನ್ನು ಹಗುರಾಗಿ ಎಣಿಸಬಾರದು. ನಸುಕಿನಲ್ಲಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಡೇರೆ ಇಬ್ಬನಿಯನ್ನು ತಡೆಯುತ್ತದೆಯೇ ಹೊರತು ನೆಲದ ಥಂಡಿಯನ್ನು ತಡೆಯದು. ಮೈಮೇಲಿನ ಹೊದಿಕೆಗಿಂತ ಮೈಕೆಳಗಿನ ಹಾಸಿಗೆಗೆ ಹೆಚ್ಚು ಲಕ್ಷ್ಯ ಕೊಡಬೇಕು. ಸಾಮಾನು ತಲೆಗೆ 12 ಕಿಲೋ ಮೀರಕೂಡದು. ಅದನ್ನು ಬೆನ್ನಿಗಲ್ಲ, ಹಿಂದಿನ ಕ್ಯಾರಿಯರಿನ ಎರಡೂ ಬದಿಗೆ ಸಮತೂಕವಾಗಿ ಜೋತುಬಿಡಬೇಕು. ಹುಡುಗಿಯ ಪಟ್ಟಿಯನ್ನು ತೂಗಿಸಿದೆವು. 19 ಕಿಲೋ ಬಂತು. ನಾಲ್ಕು ಪುಸ್ತಕಗಳಿದ್ದವು, ಕನ್ನಡ ಮೇಷ್ಟ್ರಾದ ನಾನೇ ಮೂರನ್ನು ತೆಗೆಸಿದೆ.

ರಾತ್ರಿ ಎಲ್ಲಿ ಮಲಗುವುದೆಂಬುದೇ ಅಗ್ಗದ ಪ್ರಯಾಣದ ಜೀವಾಳ. ಯುರೋಪಿನಲ್ಲಿ ಇದಕ್ಕೆ ಕಾನೂನಿದೆ, ಅದು ದೇಶದಿಂದ ದೇಶಕ್ಕೆ ಬೇರೆ. ನಾರ್ವೆಯಲ್ಲಿ ಬೇಲಿಯಿಲ್ಲದ ಬಯಲಿನಲ್ಲಿ, ಮನೆಗಳಿಂದ 150 ಮೀಟರು ದೂರದಲ್ಲಿ ಯಾರು ಬೇಕಾದರೂ ಡೇರೆ ಹೂಡಬಹುದು. ಆಸ್ಟ್ರಿಯದ ಕಾಡಿನಲ್ಲಿ ಒಡೆಯನ ಒಪ್ಪಿಗೆಯಿಲ್ಲದೆ ಹೂಡುವಂತಿಲ್ಲ. ನದಿಯ ದಂಡೆಯುದ್ದಕ್ಕೂ ಹಣ ಕೊಟ್ಟು ಇಳಿಯುವ ಡೇರೆಯ ತಾಣಗಳಿವೆ, ಸ್ನಾನದ ಮನೆ ಸಹಿತ. ಮಳೆ ಬಂದ ರಾತ್ರಿಗೆ ಯುವಕರ ತಂಗುಮನೆಗಳಿವೆ. ರಿಚರ್ಡ್ ಶಿರ್ಮನ್ ಎಂಬ ಜರ್ಮನ್ ಶಾಲಾಮಾಸ್ತರರು 1912ರಲ್ಲಿ ಆಲ್ಟೆನಾದ ಕೋಟೆಯಲ್ಲಿ ತೆರೆದ ತಂಗುಮನೆಯಿಂದ ಬೆಳೆದ ವ್ಯವಸ್ಥೆ ಅದು. ನಮ್ಮಲ್ಲಿ ಕಾನೂನಿನ ಜಾಗದಲ್ಲಿ ಕೇಳುವಿಕೆ ಇದೆ. ಊರಿಗೆ ಹೋಗಿ, ಹಿರಿಯರೊಬ್ಬರನ್ನು ಕಂಡು, ಯಾರು, ಎಲ್ಲಿಯವರು, ಎಲ್ಲಿಗೆ ಎಂಬುದನ್ನು ಹೇಳಿ, ಶಾಲೆಯ ಅಂಗಳವೋ ಗುಡಿಯ ಪೌಳಿಯೋ ಸಿಗಬಹುದೇ ಎಂದು ಕೇಳಬೇಕು. ಹೆಣ್ಣುಮಕ್ಕಳಾದರೆ ಮೊದಲು ಮನೆಯ ಹೆಂಗಸರನ್ನು ಕೇಳುವುದು ಲೇಸು. ಡೇರೆ ಅವರ ಅಂಗಳದಲ್ಲಿಯೇ ಏಳುತ್ತದೆ. ಔರಾದಿನಲ್ಲಿ ಅಮರೇಶ್ವರನ ಗುಡಿಯಿದೆ, ಭಾಲ್ಕಿಯಲ್ಲಿ ಹಿರೇಮಠವಿದೆ. ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಚೆನ್ನಬಸವ ಪಟ್ಟದ್ದೇವರ ಮಠ ಅದು. ಎರಡನೆಯ ರಾತ್ರಿ ಅಲ್ಲಿಗೆ ಹೋಗಿ ಕೇಳಿರೆಂದು ನಾನು ಹೇಳಿದ್ದರಲ್ಲಿ ಸ್ವಲ್ಪ ಸ್ವಾರ್ಥವಿದೆ: ಆ ಕಥೆಯನ್ನು ಈ ತಲೆಮಾರು ಪುಸ್ತಕದಾಚೆಗೆ ಒಮ್ಮೆ ಕಾಣಲಿ.

ಕೇಳದೆ ಹೊಲದಲ್ಲಿ ಮಲಗುವುದು ಮಾತ್ರ ಬೇಡ. ಔರಾದ, ಭಾಲ್ಕಿಗಳ ಕಡೆ ಚಿಗರಿಯ ಹಿಂಡುಗಳೂ ಕಾಡುಹಂದಿಗಳೂ ಬೆಳೆಗೆ ಬೀಳುತ್ತವೆ. ಕೆಲವರು ಕಾನೂನು ಮೀರಿ ಬೇಲಿಗೆ ವಿದ್ಯುತ್ತು ಹರಿಸುವುದುಂಟು. ಕತ್ತಲಲ್ಲಿ ತಂತಿ ಕಾಣುವುದಿಲ್ಲ. ಜಾಲಿಮುಳ್ಳು ಸೈಕಲ್ಲಿನ ಟ್ಯೂಬನ್ನಷ್ಟೇ ಅಲ್ಲ, ಡೇರೆಯ ತಳವನ್ನೂ ತೂರುತ್ತದೆ. ಇವೆಲ್ಲಕ್ಕಿಂತ ನನಗೆ ಹೆದರಿಕೆ ಕಬ್ಬಿನ ಟ್ರಾಕ್ಟರುಗಳದು. ಕಾರ್ಖಾನೆಗಳು ಕಬ್ಬು ನುರಿಸುವ ಕಾಲವೂ ಸೈಕಲ್ಲಿನ ಕಾಲವೂ ಒಂದೇ. ಹಿಂದೆ ದೀಪವಿಲ್ಲದ ಎರಡೆರಡು ಟ್ರೇಲರುಗಳು ರಾತ್ರಿಯಿಡೀ ಸಾಗುತ್ತವೆ. ಹೊತ್ತು ಮುಳುಗಿದ ಮೇಲೆ ಒಂದು ಕಿಲೋಮೀಟರು ಉಳಿದಿದ್ದರೂ ಇಳಿದು ನಿಲ್ಲಬೇಕು.

ಕೈಬಿಡುವ ದಾರಿಯನ್ನೂ ಮೊದಲೇ ಗುರುತಿಸಿಡಬೇಕು. ಡ್ಯಾನ್ಯೂಬಿನಲ್ಲಿ ಇದು ಸುಲಭ: ನದಿಯ ಹರಿವಿನೊಡನೆ ಸಾಗುವುದರಿಂದ ದಾರಿ ಒಟ್ಟಾರೆ ಇಳಿಜಾರು, ಬಹುಪಾಲು ನದಿಯ ಸಮೀಪವೇ ರೈಲುದಾರಿಯಿದೆ, ಊರಿಂದೂರಿಗೆ ಹೋಗುವ ರೈಲುಗಳಲ್ಲಿ ಸೈಕಲ್ಲಿಗೂ ಟಿಕೇಟು ತೆಗೆಸಿ ಏರಿಸಬಹುದು. ನಮ್ಮ ಸುತ್ತಿನಲ್ಲಿ ಕಮಲನಗರ, ಭಾಲ್ಕಿ, ಬೀದರ ಮೂರೂ ರೈಲುದಾರಿಯ ಮೇಲಿವೆ, ಔರಾದಿಗೆ ರೈಲಿಲ್ಲ. ಹಾಗಾಗಿ ಮೊದಲ ದಿನವೇ ಕಠಿಣ ದಿನ. ಮೈ ಸರಿಯಿಲ್ಲದಿದ್ದರೆ ಜನವಾಡದಿಂದಲೇ ಹಿಂದಿರುಗಬೇಕು, ನಾಚಬಾರದು. ಎರಡನೆಯ ದಿನ ಕಮಲನಗರದಿಂದ ಭಾಲ್ಕಿಗೆ ಬರುವಾಗ ಮಾಂಜ್ರಾವನ್ನು ಮತ್ತೊಮ್ಮೆ ದಾಟುತ್ತೀರಿ. ಮೂರನೆಯ ದಿನ ಬೀದರಿನ ದಿಬ್ಬ ಏರುವಾಗ, ಸುಸ್ತಾದ ಕಾಲಿಗೆ ಎಷ್ಟು ತೂಕ ಹೆಚ್ಚೆಂಬುದು ತಾನೇ ತಿಳಿಯುತ್ತದೆ.

ಇನ್ನು ಹಣ. ಒಡಿಶಾದ ಚಿತ್ರಕಾರ ಪ್ರದ್ಯುಮ್ನ ಕುಮಾರ್ ಮಹಾನಂದಿಯಾ ಅವರು 1977ರಲ್ಲಿ ದೆಹಲಿಯಿಂದ ಸೈಕಲ್ಲೇರಿ ಹೊರಟು, ದಾರಿಯಲ್ಲಿ ಜನರ ಮುಖಚಿತ್ರ ಬರೆದುಕೊಟ್ಟು ಊಟ ಗಳಿಸುತ್ತ ಅದೇ ವರ್ಷ ಸ್ವೀಡನ್ ಸೇರಿದರು. ಇಂದಿನವರು ಆ ಕಥೆಯನ್ನು ಮೆಚ್ಚಬಹುದು, ಅನುಸರಿಸಲಾಗದು. ಈಗ ಮೊದಲ ಖರ್ಚು ವೀಸಾ. ಷೆಂಗೆನ್ ಒಪ್ಪಂದದ ದೇಶಗಳಿಗೆಲ್ಲ ಒಂದೇ ವೀಸಾ; ಯಾವ ದೇಶದಲ್ಲಿ ಹೆಚ್ಚು ರಾತ್ರಿ ತಂಗುವಿರೋ ಆ ದೇಶಕ್ಕೆ ಅರ್ಜಿ. 180 ದಿನಗಳಲ್ಲಿ 90 ದಿನ ಮೀರಿ ಇರುವಂತಿಲ್ಲ. ಅರ್ಜಿಯನ್ನು ಆರು ತಿಂಗಳು ಮುಂಚಿತವಾಗಿ ಕೊಡಬಹುದು, 15 ದಿನಕ್ಕಿಂತ ತಡಮಾಡಕೂಡದು. 2024ರ ಜೂನಿನಿಂದ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಡೇರೆಯವರಿಗೆ ಇಲ್ಲೊಂದು ತೊಡಕಿದೆ: ಪ್ರತಿ ರಾತ್ರಿ ಎಲ್ಲಿ ಮಲಗುವಿರೆಂದು ಅರ್ಜಿ ಕೇಳುತ್ತದೆ. ಮನಬಂದಲ್ಲಿ ಮಲಗುತ್ತೇವೆಂದರೆ ನಡೆಯದು. ಡೇರೆಯ ತಾಣಗಳನ್ನು ಮೊದಲೇ ಕಾದಿರಿಸಿ ಚೀಟಿ ಹಚ್ಚಬೇಕು.

ಯೂರೋಗೆ ನೂರು ರೂಪಾಯಿ ಎಂದು ಹಿಡಿದು, ದಿನಕ್ಕೆ ತಲೆಗೆ 40 ಯೂರೋದಂತೆ 12 ದಿನಕ್ಕೆ 48,000 ರೂಪಾಯಿ ಎಂದು ಹುಡುಗಿ ಬರೆದಿದ್ದಳು. ಅದರ ಮೇಲೆ ವಿಮಾನ, ವೀಸಾ, ವಿಮೆ. ಲೆಕ್ಕ ತಪ್ಪಿರಲಿಲ್ಲ, ಆದರೆ ಕೂಡಿಟ್ಟ ಹಣವೆಲ್ಲ ಅಲ್ಲಿಗೆ ಸರಿಹೋಗಿತ್ತು. ಒಂದು ಹಲ್ಲುನೋವಿಗೆ, ಒಂದು ಮುರಿದ ಚಕ್ರಕ್ಕೆ, ಒಂದು ತಪ್ಪಿದ ರೈಲಿಗೆ ಬಿಡಿಗಾಸು ಉಳಿದಿರಲಿಲ್ಲ. ದಿನದ ಖರ್ಚಿನ ಮೂರನೆಯ ಒಂದು ಪಾಲಿನಷ್ಟು ಹಣ ಮುಟ್ಟದ ಗಂಟಾಗಿರಬೇಕೆಂದೆ. ಅದಕ್ಕಾಗಿ ಎರಡು ಬದಲಾವಣೆ ಮಾಡಿದೆವು. ಸ್ವಂತ ಸೈಕಲ್ಲುಗಳನ್ನು ಬಿಚ್ಚಿ ಪೆಟ್ಟಿಗೆಗೆ ತುಂಬಿ ವಿಮಾನದಲ್ಲಿ ಒಯ್ಯುವ ಬದಲು ಪಸ್ಸಾವ್‌ನಲ್ಲಿಯೇ ಬಾಡಿಗೆಗೆ ಹಿಡಿಯುವುದು. 12 ದಿನಗಳನ್ನು ಒಂಬತ್ತಕ್ಕೆ ಇಳಿಸುವುದು. ಅಡಿಗೆಯ ಪುಟ್ಟ ಒಲೆ ಒಯ್ಯಬಹುದು, ಅದರ ಅನಿಲದ ಡಬ್ಬಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲಿಯೇ ಕೊಳ್ಳಬೇಕು. ಕಟಕಟಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎರಡು ವಾರಕ್ಕೂ ಕೆಡುವುದಿಲ್ಲ. ಇದು ನನ್ನ ಮನೆಯವಳು ಸೇರಿಸಿದ ಬಾಬು.

ನಮ್ಮ ಸುತ್ತಿನ ಖರ್ಚನ್ನು ಬರೆಯಲು ಹೋದರೆ ಪುಟ ತುಂಬುವುದಿಲ್ಲ. ಅದರಲ್ಲಿಯೂ ಅವರು ಹೊರಡುವುದು ಎಳ್ಳಮವಾಸ್ಯೆಯ ಮುನ್ನಾದಿನ. ಮರುದಿನ ಊರುಗಳಲ್ಲಿ ಬೀದಿಗಳು ಬರಿದಾಗಿ ಜನವೆಲ್ಲ ಹೊಲದಲ್ಲಿರುತ್ತಾರೆ. ಜೋಳದ ದಂಟಿನ ಕೊಂಪೆಯಲ್ಲಿ ಪಾಂಡವರ ಪೂಜೆ ಮುಗಿಸಿ, ರಸ್ತೆಯಲ್ಲಿ ಹೋಗುವವರನ್ನೂ ಕೂಗಿ ಕರೆದು ಭಜ್ಜಿ, ರೊಟ್ಟಿ, ಅಂಬಲಿ ಬಡಿಸುತ್ತಾರೆ. ಬೇಡವೆಂದರೆ ಬೇಸರಪಡುತ್ತಾರೆ. ಔರಾದಿನಿಂದ ಭಾಲ್ಕಿಗೆ ಅಂದು 55 ಕಿಲೋಮೀಟರು ಸಾಗುವುದು ಹೊಟ್ಟೆಯ ಭಾರದಿಂದಲೇ ಕಷ್ಟವಾದೀತೆಂದು ಅವಳಿಗೆ ಎಚ್ಚರಿಕೆ ಕೊಟ್ಟಿದ್ದೇನೆ.

ಇಷ್ಟೆಲ್ಲ ಬರೆದ ಪುಸ್ತಕವನ್ನು ಅವಳು ತಂದೆಗೆ ತೋರಿಸಿದಳಂತೆ. ಅಂದು ರಾತ್ರಿ ಗೆಳೆಯ ಫೋನು ಮಾಡಿದ. ಡ್ಯಾನ್ಯೂಬಿನ ಮಾತೆತ್ತಲಿಲ್ಲ. ಅವರು ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡುತ್ತಾರೆಂದು ಕೇಳಿದ. ಆರು ಗಂಟೆಗೆ ಎಂದೆ. "ಆರು ಅಂದರ ಆರೇ?" ಎಂದು ಮತ್ತೊಮ್ಮೆ ಕೇಳಿ, ತಾನು ಸ್ಕೂಟರಿನ ಮೇಲೆ ನೀರಿನ ಕ್ಯಾನು ಇಟ್ಟುಕೊಂಡು ಕೌಠಾ ಸೇತುವೆಯ ಆಚೆಯ ಏರಿನವರೆಗೆ ಬರುವುದಾಗಿ ಹೇಳಿದ. ಹಿಂದಿನ ಸೀಟಿನಲ್ಲಿ ನಾನು ಕೂಡಬೇಕಂತೆ.