ಕೊರಳಿಗೆ ಬಿದ್ದ ಭಾರ

ಅಂಗಡಿಯ ಗಾಜಿನ ಬೀರುವಿನಲ್ಲಿರುವ ಕ್ಯಾಮೆರಾ ಲೆನ್ಸಿಗೆ ತೂಕವೇ ಇರುವುದಿಲ್ಲ. ಬೆಲೆಯ ಚೀಟಿ ಮಾತ್ರ ಇರುತ್ತದೆ. ನನ್ನ ಲೆನ್ಸಿನ ತೂಕ ನನಗೆ ಗೊತ್ತಾದದ್ದು ಗೋಲ್ಕೊಂಡ ಕೋಟೆಯ ಮೆಟ್ಟಿಲುಗಳ ಮೇಲೆ.

2018ರಲ್ಲಿ ಕಚೇರಿಯ ಸಹಕಾರ ಸಂಘದಲ್ಲಿ ಸಾಲ ಎತ್ತಿ, ಯಾರೋ ಬಳಸಿ ಮಾರಿದ್ದ ಕ್ಯಾನನ್ 70–200 ಮಿ.ಮೀ., ಎಫ್ 2.8 ಲೆನ್ಸನ್ನು ಕೊಂಡೆ. ಸಾಲದ ಹಣ ಸಾಲದೆ ಹಳೆಯ ಪುಟ್ಟ ಲೆನ್ಸನ್ನೂ ಮಾರಿಬಿಟ್ಟೆ. ಹೊಸದರ ತೂಕ 1490 ಗ್ರಾಂ, ಕ್ಯಾಮೆರಾದ್ದು 770. ಒಟ್ಟು ಎರಡೂಕಾಲು ಕಿಲೊ. ಇದೇನು ಮಹಾ, ಸಂತೆಯ ಚೀಲ ಇದಕ್ಕಿಂತ ಭಾರ ಎನ್ನಬಹುದು. ನಿಜ, ಆದರೆ ಸಂತೆಯ ಚೀಲವನ್ನು ಯಾರೂ ಕೊರಳಿಗೆ ಕಟ್ಟಿಕೊಂಡು ಬಾಲಾಹಿಸ್ಸಾರಿನ ಸುಮಾರು 360 ಮೆಟ್ಟಿಲು ಹತ್ತುವುದಿಲ್ಲ.

ಅರ್ಧ ದಾರಿಯಲ್ಲಿ ಮಗಳು ಎತ್ತಿಕೋ ಎಂದು ಹಟ ಹಿಡಿದಳು. ಎತ್ತಿಕೊಂಡರೆ ಲೆನ್ಸು ಅವಳ ಮೊಣಕಾಲಿಗೆ ಬಡಿಯುತ್ತಿತ್ತು. ಕೊನೆಗೆ ನನ್ನಾಕೆ ಎತ್ತಿಕೊಂಡಳು. ಬೀದರಿನಿಂದ ಬಂದಿದ್ದ ಅವ್ವ ಮೆಟ್ಟಿಲ ಮೇಲೆ ಕುಳಿತು, "ಏನೋ ತಮ್ಮಾ, ಕೂಸಿನ್ನ ಬಿಟ್ಟು ಇದನ್ನ ಹೊತ್ಕೊಂಡು ಹೊಂಟೀಯಲ್ಲ!" ಎಂದಳು.

ಇಷ್ಟು ಭಾರವೇಕೆಂದರೆ, ಲೆಕ್ಕ ಸರಳವೇ. 200ನ್ನು 2.8ರಿಂದ ಭಾಗಿಸಿದರೆ 71. ಅಂದರೆ ಬೆಳಕು ಒಳಬರುವ ಕಿಂಡಿಗೆ 71 ಮಿ.ಮೀ. ಅಗಲ ಬೇಕು. ಮುಂದಿನ ಗಾಜು ಅದಕ್ಕಿಂತ ಕಿರಿದಾಗುವಂತಿಲ್ಲ. ಎಫ್ 4 ಆದರೆ 50 ಮಿ.ಮೀ. ಸಾಕು. ಅದೇ ಕಂಪನಿಯ ಎಫ್ 4 ಲೆನ್ಸು 780 ಗ್ರಾಂ, ಹೆಚ್ಚುಕಡಿಮೆ ಅರ್ಧ. ಕಳೆದುಕೊಳ್ಳುವುದೂ ಅರ್ಧ ಬೆಳಕು. ಹಗಲಿನಲ್ಲಿ ಅದು ಲೆಕ್ಕಕ್ಕೇ ಬಾರದು. ಇದು ನನಗೆ ತಿಳಿಯದ್ದಲ್ಲ. ದೊಡ್ಡ ಲೆನ್ಸು ಹಿಡಿದವನನ್ನು ಜನ ತಿರುಗಿ ನೋಡುತ್ತಾರಲ್ಲ, ಆ ಆಸೆ!

ನಮ್ಮ ಊರಿನ ಹೆಸರಾಂತ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಕೂಡ ಮೊದಲು ನಮ್ಮಂತೆ ಕಚೇರಿಯ ನೌಕರರೇ. ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ, ಅಂದಾಜುಪಟ್ಟಿ ಬರೆಯುತ್ತಿದ್ದರು. ಆಮೇಲೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಸೇರಿದರು. ಆ ಕಾಲದಲ್ಲಿ ಗಾಜಿನ ಹಲಗೆಯನ್ನು ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದು ಪ್ರತಿ ತೆಗೆಯುತ್ತಿದ್ದರು. ದೊಡ್ಡ ಚಿತ್ರ ಬೇಕೆಂದರೆ ಗಾಜೂ ಅಷ್ಟೇ ದೊಡ್ಡದು, ಪೆಟ್ಟಿಗೆಯೂ ದೊಡ್ಡದು. ಹೊರೆ ಅವರ ಕಸುಬಿನದು. ನನ್ನದು ಹವ್ಯಾಸ, ಹೊರುವ ಆಳೂ ನಾನೇ.

ಗೋಲ್ಕೊಂಡದ ನೆನಪು ಮಾಸಿರಲಿಲ್ಲ. ಮರುವರ್ಷ ದಸರೆಗೆ ಬೀದರಿಗೆ ಹೊರಟಾಗ, ಬಸ್ಸಿನ ನೂಕುನುಗ್ಗಲಿನಲ್ಲಿ ಇದೆಲ್ಲಿ ಎಂದು ಕ್ಯಾಮೆರಾ, ಲೆನ್ಸು ಎರಡನ್ನೂ ಬೀರುವಿನಲ್ಲೇ ಬಿಟ್ಟೆ. ಆ ಸಂಜೆ ಪಡಸಾಲೆಯಲ್ಲಿ ಅವ್ವ, ಅವಳ ಅಕ್ಕ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು, ತೊಗರಿ ಬೇಳೆ ಆರಿಸುತ್ತ ಏನೋ ಹಳೆಯ ಮಾತಿಗೆ ಬಿದ್ದುಬಿದ್ದು ನಕ್ಕರು. ಒಂದೇ ಬಲ್ಬಿನ ಬೆಳಕು. ಅಂದಿನ ನನ್ನ ಅಗ್ಗದ ಮೊಬೈಲಿನಲ್ಲಿ ತೆಗೆದ ಚಿತ್ರವಿದೆ. ಬೇಳೆಯ ಮೊರ ಸ್ಪಷ್ಟವಾಗಿದೆ, ಮುಖಗಳೆರಡೂ ಅಲುಗಿವೆ. ದೊಡ್ಡವ್ವ ಆ ಚಳಿಗಾಲದಲ್ಲಿ ತೀರಿಕೊಂಡಳು, ಅವ್ವ 2021ರಲ್ಲಿ.

ಈಗ ನನ್ನ ಕ್ಯಾಮೆರಾದಲ್ಲಿ ಇರುವುದು 50 ಮಿ.ಮೀ., ಎಫ್ 1.8ರ ಲೆನ್ಸು. ತೂಕ 160 ಗ್ರಾಂ, ಅದರ ಅಳತೆಗೆ ಕಿಂಡಿ ದೊಡ್ಡದು, ಒಂದೇ ಬಲ್ಬಿನ ಕೋಣೆಗೂ ಸಾಕು. ದೂರದ್ದನ್ನು ಹತ್ತಿರ ತರಲಾರದು, ನಾನೇ ನಾಲ್ಕು ಹೆಜ್ಜೆ ಹೋಗುತ್ತೇನೆ. ಭಾರದ್ದನ್ನು ಮಾರಿಲ್ಲ. ರಾಜ್ಯೋತ್ಸವದ ರಾತ್ರಿ ಸಭಾಂಗಣದ ಹಿಂದಿನ ಸಾಲಿನಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸುತ್ತೇನೆ. ಮಂದ ಬೆಳಕಿನಲ್ಲಿ ಕುಣಿಯುವ ಮಕ್ಕಳನ್ನು ಅಷ್ಟು ದೂರದಿಂದ ಹಿಡಿಯಲು ಅದೇ ಆಗಬೇಕು. ಅಲ್ಲಿ ಅದು ಸಾಲದ ಒಂದೊಂದು ಕಂತನ್ನೂ ತೀರಿಸುತ್ತದೆ.

ಕೊಳ್ಳುವ ಯೋಚನೆಯಿರುವವರು ಅಂಗಡಿಯಲ್ಲಿ ಕ್ಯಾಮೆರಾಕ್ಕೆ ಲೆನ್ಸು ಸಿಕ್ಕಿಸಿಕೊಂಡು, ಹದಿನೈದು ನಿಮಿಷ ಕೊರಳಿಗೆ ಹಾಕಿಕೊಂಡು ನಿಲ್ಲಿರಿ. ಸಂಕೋಚ ಬೇಡ. ಮನೆಯಲ್ಲಿ ಚಿಕ್ಕ ಮಗುವಿದ್ದರೆ ಜೊತೆಗೆ ಕರೆದುಕೊಂಡು ಹೋಗಿ, ಅಲ್ಲೇ ಒಮ್ಮೆ ಎತ್ತಿಕೊಂಡು ನೋಡಿ.