ಕೊನೇ ಬಸ್ಸಿಗೆ ಹೊಂದುವ ಪಾಳಿ

ಹುಬ್ಬಳ್ಳಿಯ ಬಟ್ಟೆ ಮಳಿಗೆಯಲ್ಲೋ ಸೂಪರ್ ಮಾರ್ಕೆಟ್ಟಿನಲ್ಲೋ ಮ್ಯಾನೇಜರಾಗಿ ಪಳಗಿದವರು ಅದನ್ನು ಬಿಟ್ಟು ಕೌಶಲ ತರಬೇತಿಯ ಸಂಸ್ಥೆ ಸೇರಿದರೆ, ಬೀಗರು ಬಿಜ್ಜರು ‘ಏನೋ ಎಡವಟ್ಟಾಗಿರಬೇಕು’ ಅಂದುಕೊಳ್ಳುತ್ತಾರೆ. ಆದರೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹುಡುಗ ಹುಡುಗಿಯರನ್ನು ಮೊದಲ ನೌಕರಿಗೆ ಹಚ್ಚಿ, ಅಲ್ಲಿ ಕಾಲೂರುವಂತೆ ಮಾಡುವ ಕಸುಬಿಗೆ ಮಳಿಗೆಗಿಂತ ಒಳ್ಳೆಯ ಗರಡಿಮನೆ ನನಗಂತೂ ಕಂಡಿಲ್ಲ.

ಈ ಸೀಮೆಯಲ್ಲಿ ಸಂಸ್ಥೆಗಳಿಗೆ ಬರವಿಲ್ಲ. ಡಿ. ವೀರೇಂದ್ರ ಹೆಗ್ಗಡೆಯವರು ಎರಡು ಬ್ಯಾಂಕುಗಳ ಜೊತೆಗೂಡಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಧಾರವಾಡದಲ್ಲೂ ಇದೆ. ಗುರುರಾಜ ದೇಶಪಾಂಡೆ ದಂಪತಿಯ ಪ್ರತಿಷ್ಠಾನ ಹುಬ್ಬಳ್ಳಿಯಲ್ಲಿ ತರಬೇತಿ ಕೇಂದ್ರ ನಡೆಸುತ್ತದೆ. ಕೇಂದ್ರ ಸರ್ಕಾರದ ದೀನದಯಾಳ್ ಗ್ರಾಮೀಣ ಕೌಶಲ ಯೋಜನೆ 2014ರಲ್ಲಿ ಬಂತು. ಅದರಲ್ಲಿ ಅಂಗಡಿ ಮಾರಾಟವೂ ಒಂದು ವಿಷಯ.

ಪಠ್ಯ ಯಾರು ಬೇಕಾದರೂ ಓದಿಸಬಹುದು. ಮಳಿಗೆಯಿಂದ ಬಂದವರ ಕೈಗುಣ ಕಾಣುವುದು ಸಣ್ಣ ಸಂಗತಿಗಳಲ್ಲಿ. ಗಿರಾಕಿ ಐನೂರರ ನೋಟು ಕೊಟ್ಟರೆ ಅದನ್ನು ಕೂಡಲೇ ಗಲ್ಲೆಗೆ ಹಾಕಬಾರದು. ‘ಐನೂರು ಕೊಟ್ರಿ’ ಎಂದು ಬಾಯಿಬಿಟ್ಟು ಹೇಳಿ, ನೋಟನ್ನು ಎದುರಿಗೇ ಇಟ್ಟುಕೊಂಡು, ಚಿಲ್ಲರೆ ಎಣಿಸಿ ಕೈಗಿತ್ತ ಮೇಲೆ ಒಳಗೆ ಹಾಕಬೇಕು. ‘ನಾ ಕೊಟ್ಟಿದ್ದು ಐನೂರು, ನೂರಲ್ಲ’ ಎಂಬ ಜಗಳ ಹುಟ್ಟುವುದೇ ಇಲ್ಲ. ಸಂಜೆ ಗಲ್ಲೆ ತಾಳೆಯಾಗದೆ ಬೆವರಿದವರಿಗೆ ಮಾತ್ರ ಈ ಪಾಠದ ಬೆಲೆ ಗೊತ್ತು.

ಇದಕ್ಕಿಂತ ದೊಡ್ಡದು ಪಾಳಿಯ ಲೆಕ್ಕ. ಮಳಿಗೆ ಮುಚ್ಚುವ ಹೊತ್ತಿಗೆ ಊರಿನ ಕೊನೇ ಬಸ್ಸು ಹೋಗಿರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ತಪ್ಪಿತು, ಬಸ್ಸಿನ ವೇಳೆ ಬದಲಾಗಲಿಲ್ಲ. ನುರಿತವರು ಹುಡುಗಿಯನ್ನು ಸಂದರ್ಶನಕ್ಕೆ ಕಳಿಸುವ ಮೊದಲೇ ಮಳಿಗೆಯವರೊಂದಿಗೆ ಮಾತಾಡಿ ಬೆಳಗಿನ ಪಾಳಿ ಗಟ್ಟಿ ಮಾಡಿಕೊಳ್ಳುತ್ತಾರೆ. ಮನೆಯವರಿಗೂ ಮೊದಲೇ ಹೇಳಿಡುತ್ತಾರೆ: ರವಿವಾರ ರಜೆ ಇರುವುದಿಲ್ಲ, ಪಂಚಮಿ, ದೀಪಾವಳಿಯಲ್ಲಿ ನೀವು ಮಗಳ ದಾರಿ ಕಾಯುವ ಹೊತ್ತಿಗೇ ಅಂಗಡಿಗೂ ಅವಳು ಬೇಕು. ಇದನ್ನು ಮುಚ್ಚಿಟ್ಟು ‘ಉದ್ಯೋಗ ಕೊಡಿಸಿದೆವು’ ಎಂದು ಫೋಟೊ ತೆಗೆಸಿಕೊಳ್ಳುವವರೂ ಇದ್ದಾರೆ, ಬಿಡಿ.

ಬೆಂಗಳೂರಿಗೆ ಹೋದವರ ಕಷ್ಟ ಬೇರೆ. ಸಂಬಳ ಕೈಗೆ ಬರುವುದು ತಿಂಗಳು ದುಡಿದ ಮೇಲೆ; ರೂಮಿನ ಅಡ್ವಾನ್ಸು, ಊಟ, ಓಡಾಟ ಮೊದಲ ದಿನದಿಂದಲೇ ಶುರು. ಆ ನಡುವಿನ ಮೂವತ್ತು ದಿನದಲ್ಲಿ ಕೈ ಖಾಲಿಯಾಗಿ ಊರಿಗೆ ಮರಳಿದವರನ್ನು ‘ಶ್ರದ್ಧೆ ಇಲ್ಲ’ ಎಂದು ಬೈಯುವುದು ಸುಲಭ. ಆ ತಿಂಗಳ ಖರ್ಚನ್ನು ಅಪ್ಪನ ಮುಂದೆ ಕೂತು ಚೀಟಿಯಲ್ಲಿ ಬರೆದು, ದುಡ್ಡು ಹೊಂದಿಸಿದ ಮೇಲೆಯೇ ರೈಲು ಹತ್ತಿಸುವುದು ಕಸುಬು.

ಮಳಿಗೆಯಿಂದ ತರಬೇತಿಗೆ ಬಂದವರು ಅಲ್ಲಿನ ಒಂದು ಚಾಳಿಯನ್ನು ಮಾತ್ರ ಮರೆಯಬೇಕಾಗುತ್ತದೆ. ಅಲ್ಲಿ ಒಬ್ಬರು ಬಿಟ್ಟರೆ ಇನ್ನೊಬ್ಬರು. ಇಲ್ಲಿ ಬಿಟ್ಟವರ ಬೆನ್ನು ಹತ್ತಬೇಕು. ಮೂರು ತಿಂಗಳು ನಿಂತರೆ ಸರ್ಕಾರಿ ಕಡತದಲ್ಲಿ ಉದ್ಯೋಗ ಸಿಕ್ಕಂತೆ. ನನಗೆ ಅದು ತೀರಾ ಗಿಡ್ಡ ಅಳತೆ. ರುಡ್‌ಸೆಟ್ ತನ್ನಲ್ಲಿ ಕಲಿತವರನ್ನು ಎರಡು ವರ್ಷ ವಿಚಾರಿಸಿಕೊಳ್ಳುವ ಪದ್ಧತಿ ಇಟ್ಟುಕೊಂಡಿದೆ. ಕೆಲಸ ಬಿಟ್ಟು ನವಲಗುಂದದ ಎರೆಹೊಲದಲ್ಲಿ ಹೆಸರು ಬಿಡಿಸಲು ಹೋದವಳನ್ನು ರಾಶಿ ಮುಗಿದ ಮೇಲೆ ಮತ್ತೆ ಸೇರಿಸಿಕೊಳ್ಳಿ ಎಂದು ಮಳಿಗೆಯವರನ್ನು ಕೇಳಬೇಕಾಗುತ್ತದೆ. ಕೇಳುವವರು ಅದೇ ಕುರ್ಚಿಯಲ್ಲಿ ಕೂತು ಬಂದವರಾದರೆ, ಆಳಿಲ್ಲದ ಕೌಂಟರಿನ ಸಂಕಟ ಗೊತ್ತಿದ್ದೇ ಕೇಳುತ್ತಿದ್ದಾರೆಂದು ಮಳಿಗೆಯವರೂ ಒಂದು ಮಾತು ತಗ್ಗುತ್ತಾರೆ.